ಅಪರಿಚಿತರ ಹಾಗೆ ನಡೆಯುವುದು

ಆ ಸಿನಿಮಾದಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಒಂದಿಡೀ ದಿನ ಊರು ಸುತ್ತುತ್ತಾರೆ. ಬೆಳಿಗ್ಗೆ ಇಬ್ಬರಿಗೂ ಒಂದೇ ರೈಲು ತಪ್ಪಿಹೋಗುತ್ತದೆ. ಮುಂದಿನದು ಸಂಜೆಗೆ. ಅಷ್ಟೇ ಕಥೆ. ಹಾಡಿಲ್ಲ, ಹೊಡೆದಾಟವಿಲ್ಲ. ನಡೆಯುತ್ತಾರೆ, ಮಾತಾಡುತ್ತಾರೆ, ಸುಮ್ಮನಾಗುತ್ತಾರೆ, ಮತ್ತೆ ನಡೆಯುತ್ತಾರೆ.

ಅವರ ಕಾಲಿನ ಸದ್ದು ಮಾಡುವುದು ನನ್ನ ಕೆಲಸ.

ಇಂಥ ಕೆಲಸವೊಂದಿದೆ ಎಂದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಬೀದಿಯಲ್ಲಿ ಚಿತ್ರೀಕರಣ ಮಾಡಿದಾಗ ಕಾಲರಿಗೆ ಸಿಕ್ಕಿಸಿದ ಮೈಕಿಗೆ ಮಾತು ಸಿಗುತ್ತದೆ, ಹೆಜ್ಜೆ ಸಿಗುವುದಿಲ್ಲ. ಸಿಕ್ಕರೂ ಬಸ್ಸಿನ ಹಾರ್ನಿನಡಿ ಹೂತುಹೋಗಿರುತ್ತದೆ. ಆಮೇಲೆ ನಮ್ಮಂಥವರು ಕೋಣೆಯಲ್ಲಿ ಪರದೆ ನೋಡುತ್ತಾ ಅವರ ಬದಲಿಗೆ ನಡೆಯುತ್ತೇವೆ. ಸಿನಿಮಾದವರು ಇದನ್ನು ಎಫೆಕ್ಟ್ಸ್ ಎನ್ನುತ್ತಾರೆ. ನಮ್ಮದು ಹಳೆಯ ಕಟ್ಟಡದ ನೆಲಮಾಳಿಗೆ. ಅಲ್ಲಿ ಏಳು ಮರದ ಚೌಕಗಳಿವೆ: ಜಲ್ಲಿ, ಮರಳು, ಕಲ್ಲುಹಾಸು, ಟೈಲ್ಸ್, ಹಲಗೆ, ಕಬ್ಬಿಣದ ಹಾಳೆ, ಒಣಮಣ್ಣು. ಪ್ರತಿಯೊಂದೂ ಒಂದು ಚಾಪೆಯಷ್ಟು ಅಗಲ. ಅದರ ಮೇಲೆ ನಿಂತಲ್ಲೇ ನಡೆಯಬೇಕು. ಸಿಮೆಂಟು ಬೇಕಾದರೆ ಕೋಣೆಯ ನೆಲವೇ ಇದೆ. ಮೇಲಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರು. ಹತ್ತು ಗಂಟೆಗೆ ಅವರ ಡ್ರಿಲ್ ಶುರುವಾಗುವ ಮೊದಲು, ಮತ್ತೆ ಅವರು ಊಟಕ್ಕೆ ಹೋದಾಗ ನಮ್ಮ ರೆಕಾರ್ಡಿಂಗ್.

ನಾವು ಮೂವರಿದ್ದೆವು. ಗಂಡಸರ ಹೆಜ್ಜೆ ನನ್ನ ಗಂಡನದು, ಹೆಂಗಸರದು ನನ್ನದು. ಅತ್ತೆಯದು ಬಟ್ಟೆ. ಯಾರಾದರೂ ಕೂತಾಗ, ಎದ್ದಾಗ, ಕೈ ಎತ್ತಿದಾಗ ಅಂಗಿ ಸರಿದ ಸದ್ದು ಬರುತ್ತದಲ್ಲ, ಅದನ್ನು ಅತ್ತೆ ಮಡಿಲಲ್ಲಿ ಒಂದು ಕೋಟು ಇಟ್ಟುಕೊಂಡು ಕೈಯಿಂದ ಮಾಡುತ್ತಾರೆ. ಎಷ್ಟೋ ನಾಯಕಿಯರು ಎಷ್ಟೋ ನಾಯಕರನ್ನು ತಬ್ಬಿಕೊಂಡಾಗ ಜನ ಕೇಳಿಸಿಕೊಂಡದ್ದು ಅತ್ತೆ ಆ ಕೋಟನ್ನು ಹಿಂಡಿದ ಸದ್ದು.

ಹದಿನಾಲ್ಕು ತಿಂಗಳ ಹಿಂದೆ, ಒಂದು ಮಂಗಳವಾರ, ನನ್ನ ಗಂಡನ ಹೃದಯ ನಿಂತಿತು. ಅವನಿಗೆ ಮೂವತ್ತಾರು. ಅದರ ಬಗ್ಗೆ ಹೇಳಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಆಮೇಲೆ ಅತ್ತೆ, ನಾನು ಸೋಪಿನ ಜಾಹೀರಾತು, ಮಕ್ಕಳ ಕಾರ್ಟೂನು ಇಂಥವನ್ನೇ ಒಪ್ಪಿಕೊಂಡೆವು. ಅವುಗಳಲ್ಲಿ ಗಂಡಸರು ಹೆಚ್ಚು ನಡೆಯುವುದಿಲ್ಲ.

ಈ ಸಿನಿಮಾದ ನಿರ್ದೇಶಕಿಗೆ ಇಪ್ಪತ್ತೇಳು. ಇದು ಅವಳ ಮೊದಲನೆಯದು. ಬೆನ್ನಿಗೆ ಚೀಲ, ಕೂದಲಲ್ಲಿ ಸಿಕ್ಕಿಸಿ ಮರೆತ ಪೆನ್ನು. ನಮ್ಮ ಮನೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ.

“ಅಕ್ಕಾ, ಹುಡುಗೀದು ನೀವು ನಡೀರಿ. ಹುಡುಗಂದು ನಿಮ್ಮ ಸ್ಟಾಕಿಂದ ಯಾವ್ದಾದ್ರೂ ಹಾಕ್ಬಿಡಿ. ಕಾಲೇ ಕಾಣಲ್ಲ, ಎಲ್ಲಾ ಸೊಂಟದ ಮೇಲೆ ತೆಗ್ದಿದ್ದೀನಿ,” ಎಂದಳು.

ಯಾವುದಾದರೂ ಎಂದರೆ ನಮ್ಮ ಸ್ಟಾಕಿನಲ್ಲಿ ಇರುವವನು ಒಬ್ಬನೇ.

ಕೆಲಸವಿಲ್ಲದ ದಿನಗಳಲ್ಲಿ ಅವನು ಸುಮ್ಮನೆ ನಡೆದು ರೆಕಾರ್ಡ್ ಮಾಡಿಟ್ಟದ್ದು ಒಂಬತ್ತು ವರ್ಷಗಳಷ್ಟಿತ್ತು. ಹೆಸರುಗಳನ್ನು ಅವನೇ ಕೊಟ್ಟಿದ್ದ. ತೊಗಲಿನ ಶೂ, ಕಲ್ಲು, ನಿಧಾನ. ಅದೇ ಶೂ, ಮೆಟ್ಟಿಲು, ಸುಸ್ತು. ಕ್ಯಾನ್ವಾಸು, ಮರಳು, ಖುಷಿ. ಅವನು ಹೋದ ಮೇಲೆ ನಾನು ಆ ಡಿಸ್ಕನ್ನು ತೆರೆದಿರಲಿಲ್ಲ. ಈಗ ತೆರೆದೆ. ಒಂದೊಂದೇ ಹೆಜ್ಜೆಯನ್ನು ಕತ್ತರಿಸಿ ಹುಡುಗನ ಭುಜ ಏರಿಳಿಯುವುದಕ್ಕೆ ಹೊಂದಿಸಿ ಜೋಡಿಸಿದೆ. ನಿಧಾನವಾಗಿ ನಡೆಯುವಾಗ ನನ್ನ ಗಂಡನ ಎಡಗಾಲು ನೆಲ ಬಿಡುವುದು ಒಂದು ಎಳೆಯಷ್ಟು ತಡ. ಚಿಕ್ಕಂದಿನಲ್ಲಿ ಬಿದ್ದ ಪೆಟ್ಟು. ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲ.

ಆಮೇಲೆ ಹೆಡ್‌ಫೋನಿನಲ್ಲಿ ಅವನನ್ನು ಕೇಳಿಸಿಕೊಳ್ಳುತ್ತಾ ಪಕ್ಕದಲ್ಲಿ ಹುಡುಗಿಯ ಹೆಜ್ಜೆ ಹಾಕಿದೆ. ಎರಡು ವಾರ. ಹಳೆಯ ಸೇತುವೆ, ಕೈದೋಟದ ಜಲ್ಲಿ ದಾರಿ, ಪುಸ್ತಕದಂಗಡಿಯ ಹಲಗೆ ನೆಲ, ಬಾಗಿಲು ಮುಚ್ಚಿದ ಕಾರ್ಖಾನೆಯ ಹಿಂದಿನ ಓಣಿ. ಅಷ್ಟು ದೂರ ನಾವು ಯಾವತ್ತೂ ಒಟ್ಟಿಗೆ ನಡೆದಿರಲಿಲ್ಲ. ಬದುಕಿದ್ದಾಗ ಇಬ್ಬರಿಗೂ ಪುರುಸೊತ್ತು ಇರುತ್ತಿರಲಿಲ್ಲ.

ಅತ್ತೆ ಮೂರನೆಯ ದಿನದಿಂದ ನನಗಿಂತ ಮೊದಲೇ ಬಂದು ಕುರ್ಚಿ ಹಿಡಿಯತೊಡಗಿದರು.

“ನಿಮ್ಮ ಕೆಲಸ ಮುಂದಿನ ವಾರ ಅಲ್ವಾ ಅತ್ತೆ? ಇಷ್ಟು ಬೇಗ ಯಾಕೆ ಬಂದ್ರಿ?”

“ಮನೇಲಿ ಕೂತು ಗೋಡೆ ಎಣಿಸ್ಲಾ? ಇರೋದೇ ನಾಲ್ಕು, ಎಣಿಸಿ ಆಯ್ತು. ನನಗೂ ಕಿವಿಗೆ ಹಾಕ್ಕೊಳ್ಳೋದೊಂದು ಕೊಡು.”

“ಇದರಲ್ಲಿ ಬರೀ ಹೆಜ್ಜೆ ಇದೆ.”

“ಇರ್ಲಿ. ಬಟ್ಟೆ ತೊಡಿಸೋಳಿಗೆ ಕಾಲು ಎಲ್ಲಿದೆ ಅಂತ ಗೊತ್ತಾಗ್ಬೇಡ್ವಾ?”

ಅವರಿಗೊಂದು ಕೊಟ್ಟೆ. ಅವರು ಕೋಟನ್ನು ಮಡಿಲಲ್ಲಿಟ್ಟುಕೊಂಡು, ಪರದೆಯನ್ನು ನೋಡದೆ, ನೆಲ ನೋಡುತ್ತಾ ಕೂತಿರುತ್ತಿದ್ದರು. ಅದು ಯಾರ ಹೆಜ್ಜೆಯೆಂದು ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ.

ನಿರ್ದೇಶಕಿ ಕೇಳಲು ಬಂದಳು. ಮೊದಲ ಪ್ರದರ್ಶನಕ್ಕೆ ಹನ್ನೊಂದು ದಿನ ಉಳಿದಿತ್ತು. ಸಿನಿಮಾವನ್ನು ಎಂಟು ರೀಲು, ಅಂದರೆ ಎಂಟು ತುಂಡು ಮಾಡಿಕೊಂಡಿದ್ದೆವು; ಮೊದಲ ಎರಡನ್ನು ಪೂರ್ತಿ ಕೇಳಿದಳು. ಮೂರನೆಯದರ ನಡುವೆ ನಿಲ್ಲಿಸಲು ಕೈ ಮಾಡಿದಳು.

“ಸಿಂಕ್ ತಪ್ಪಿದ್ಯಾ? ಚಿತ್ರಕ್ಕೂ ಹೆಜ್ಜೆಗೂ ತಾಳೆ ಆಗ್ತಿಲ್ವಾ?” ಎಂದೆ.

“ಒಂದೂ ತಪ್ಪಿಲ್ಲ ಅಕ್ಕಾ. ಅದೇ ತೊಂದ್ರೆ.” ಪೆನ್ನು ಕಚ್ಚಿದಳು. “ಇವರಿಬ್ರಿಗೂ ಪರಿಚಯ ಆಗಿ ಇನ್ನೂ ಅರ್ಧ ಗಂಟೆ. ಆದ್ರೆ ಕಣ್ಣು ಮುಚ್ಕೊಂಡು ಕೇಳಿದ್ರೆ ಮದ್ವೆ ಆಗಿ ಹತ್ತು ವರ್ಷ ಆದೋರ ಥರ ಇದೆ.”

“ನಡಿಗೆ ನಡಿಗೆನೇ ಅಲ್ವಾ?”

“ಇಲ್ಲಿ ನೋಡಿ. ಫುಟ್‌ಪಾತ್ ಕಿರಿದಾಗುತ್ತೆ. ಗುರ್ತಿಲ್ಲದೋರಾದ್ರೆ ಇಬ್ರೂ ನಿಂತ್ಬಿಡ್ತಾರೆ. ನೀವು ಹೋಗಿ, ಅಯ್ಯೋ ನೀವು ಹೋಗಿ ಅಂತ ಒದ್ದಾಡ್ತಾರೆ. ಕಾಲು ತುಳ್ಕೊಳ್ತಾರೆ. ಇವಳು ಯೋಚ್ನೆನೇ ಮಾಡ್ದೆ ಹಿಂದೆ ಸರಿದ್ಲು, ಆಮೇಲೆ ಅವನ ಎಡಕ್ಕೆ ಬಂದ್ಲು. ಯಾಕೆ ಎಡಕ್ಕೆ?”

ನಾನು ಯಾವತ್ತೂ ನನ್ನ ಗಂಡನ ಎಡಕ್ಕೇ ಇರುತ್ತಿದ್ದೆ.

“ಮತ್ತೆ ಅವನು ಎಡಗಾಲು ಎತ್ತೋ ಮುಂಚೆ ಇವಳು ಚೂರು ಕಾಯ್ತಾಳೆ. ಪ್ರತೀ ಸಲ. ಯಾರ ಹೆಜ್ಜೆ ಅಕ್ಕಾ ಇದು?”

“ನನ್ನ ಮಗಂದು,” ಎಂದರು ಅತ್ತೆ. “ಇವಳ ಗಂಡಂದು. ಈಗ ಇಲ್ಲ.”

ನಿರ್ದೇಶಕಿ ಪೆನ್ನು ಕೆಳಗಿಟ್ಟಳು. “ಅಯ್ಯೋ ಅಮ್ಮಾ. ನನಗೆ ಗೊತ್ತಿರ್ಲಿಲ್ಲ.”

“ಗೊತ್ತಿದ್ದಿದ್ರೆ ಏನು ಹೇಳ್ತಿದ್ದೆ?”

ಅವಳು ನಿಜವಾಗಿಯೂ ಯೋಚಿಸಿದಳು. “ಇದನ್ನೇ ಹೇಳ್ತಿದ್ದೆ. ಸ್ವಲ್ಪ ಮೆತ್ತಗೆ.”

ಅತ್ತೆಗೆ ಅವಳು ಇಷ್ಟವಾದದ್ದು ಆಗಲೇ ಇರಬೇಕು.

ಹೋಗುವಾಗ ಅವಳು ಬಾಗಿಲಲ್ಲಿ ನಿಂತು, “ಮತ್ತೆ ಮಾಡೋದು ಬೇಡ ಅಂದ್ರೆ ಹೀಗೇ ಇರ್ಲಿ ಅಕ್ಕಾ. ಯಾರೂ ಕಂಡುಹಿಡಿಯಲ್ಲ. ನಾಳೆ ಹೇಳಿ,” ಎಂದಳು.

ಹೀಗೇ ಇದ್ದರೆ ಅವನು ಎಂಟು ರೀಲು ನಡೆಯುತ್ತಾನೆ. ಕತ್ತಲ ಸಭಾಂಗಣದಲ್ಲಿ ನೂರಾರು ಜನ ಅವನನ್ನು ಕೇಳಿಸಿಕೊಳ್ಳುತ್ತಾರೆ. ತೆಗೆದರೆ ಅವನು ಮತ್ತೆ ಡಿಸ್ಕಿಗೆ ಹೋಗುತ್ತಾನೆ. ಅವನಿಗೆ ಹೊಂದುವ ಇನ್ನೊಂದು ಸಿನಿಮಾ ಬರುತ್ತದೆಂದು ನನಗೆ ನಂಬಿಕೆಯಿರಲಿಲ್ಲ. ಬಂದರೂ ನಾನು ಮತ್ತೊಮ್ಮೆ ಆ ಡಿಸ್ಕನ್ನು ತೆರೆಯುತ್ತೇನೆಂಬ ನಂಬಿಕೆಯೂ ಇರಲಿಲ್ಲ.

ಮನೆಗೆ ಬಂದು ಅತ್ತೆ ಬೀನ್ಸ್ ನಾರು ತೆಗೆಯುತ್ತಾ ಕೂತರು. ನಾನು ಎದುರಿಗೆ ಕೂತೆ.

“ನಿಮಗೆ ಯಾವಾಗ ಗೊತ್ತಾಯ್ತು?” ಎಂದೆ.

“ಮೊದಲ ದಿನವೇ. ನೀನು ಬಾಗಿಲು ಸರಿಯಾಗಿ ಹಾಕಿರ್ಲಿಲ್ಲ. ಚಹಾ ತಂದೋಳು ಮೆಟ್ಟಿಲ ಮೇಲೇ ನಿಂತ್ಕೊಂಡೆ. ಚಹಾ ಆರಿಹೋಯ್ತು.”

“ಯಾಕೆ ಹೇಳ್ಲಿಲ್ಲ?”

“ನೀನು ಯಾಕೆ ಹೇಳ್ಲಿಲ್ಲ?”

ನಾನೂ ಒಂದು ಹಿಡಿ ಬೀನ್ಸ್ ತೆಗೆದುಕೊಂಡೆ.

“ಆ ಡೈರೆಕ್ಟರ್ ಮರಿ ಹೇಳಿದ್ದು ಸರಿ ಅನ್ಸುತ್ತಾ ನಿಮಗೆ?”

“ಸರಿಯೋ ತಪ್ಪೋ ನನಗೇನು ಗೊತ್ತು. ಬಟ್ಟೆ ಹೊಲಿಸ್ಕೊಳ್ಳೋಕೆ ಬಂದೋರಿಗೆ ಅಳತೆ ಅವರದ್ದೇ ತಾನೇ ತಗೋಬೇಕು? ನೀನು ನಿನ್ನ ಗಂಡನ ಅಳತೆಗೆ ಹೊಲಿದಿದ್ದೀಯ.” ಒಂದು ಬೀನ್ಸ್ ಮುರಿದರು. “ಇನ್ನೊಂದು ಮಾತು. ನನ್ನ ಮಗ ಮದ್ವೆ ಆದೋನು. ಎರಡು ವಾರದಿಂದ ಯಾವಳೋ ರೈಲು ತಪ್ಪಿಸ್ಕೊಂಡೋಳ ಹಿಂದೆ ಊರೆಲ್ಲಾ ಸುತ್ತುತ್ತಿದ್ದಾನೆ. ನೀನು ನೋಡ್ಕೊಂಡು ಸುಮ್ನಿದ್ದೀಯಲ್ಲ, ಎಂಥಾ ಹೆಂಡ್ತಿ ನೀನು!”

ನನಗೆ ನಗು ಬಂತು. ಹದಿನಾಲ್ಕು ತಿಂಗಳಲ್ಲಿ ನಕ್ಕಿರಲಿಲ್ಲ ಎಂದೇನಲ್ಲ. ಆದರೆ ಆ ನಗುಗಳೆಲ್ಲ ಬೇರೆಯವರ ಸಲುವಾಗಿ ಇದ್ದವು.

“ನಿಮಗೆ ಕೇಳ್ಬೇಕು ಅನ್ಸಲ್ವಾ ಅತ್ತೆ? ಅವರ ಹೆಜ್ಜೆ?”

“ಅನ್ಸುತ್ತೆ ಕಣೇ. ಅದಕ್ಕೇ ತಾನೇ ಬೆಳಿಗ್ಗೆ ಆರಕ್ಕೆ ಹೋಗಿ ಕೂರ್ತಿದ್ದೆ.” ಅವರು ತಟ್ಟೆ ಪಕ್ಕಕ್ಕಿಟ್ಟರು. “ಅದು ಅವನ ಹೆಜ್ಜೆ ಹೌದು. ಆದ್ರೆ ನಿಲ್ಲೋದು, ತಿರುಗೋದು, ಕಾಯೋದು ಎಲ್ಲಾ ನೀನು ಮಾಡ್ಸಿದ್ದು. ಅವನು ಇಷ್ಟೊಂದು ಹೇಳಿದ ಮಾತು ಕೇಳೋನಾ?”

ಅದು ನಿಜ. ಅವನು ಒಂದು ಮಾತೂ ಕೇಳುತ್ತಿರಲಿಲ್ಲ.

ಬೆಳಿಗ್ಗೆ ನಿರ್ದೇಶಕಿಗೆ ಫೋನು ಮಾಡಿ ಹೊಸದಾಗಿ ಮಾಡೋಣ, ಆದರೆ ಹಳೆಯದನ್ನು ಅಳಿಸುವುದಿಲ್ಲ, ಪಕ್ಕಕ್ಕೆ ಇಟ್ಟಿರುತ್ತೇನೆ ಎಂದೆ. ಅಷ್ಟು ಬೇಗ ಗಂಡಸಿನ ಹೆಜ್ಜೆ ಹಾಕುವವನು ಎಲ್ಲಿ ಸಿಗುತ್ತಾನೆಂಬುದೇ ಚಿಂತೆಯಾಯಿತು. ಕೈ ಖಾಲಿ ಇದ್ದವನು ಒಬ್ಬನೇ. ಅವನನ್ನು ಎಲ್ಲರೂ ಕುದುರೆ ಎನ್ನುತ್ತಿದ್ದರು. ರಾಜರ ಕಾಲದ ಸಿನಿಮಾಗಳಲ್ಲಿ ಹನ್ನೆರಡು ವರ್ಷ ತೆಂಗಿನ ಚಿಪ್ಪು ಬಡಿದು ಕುದುರೆಗಳನ್ನು ಓಡಿಸಿದವನು. ನಲವತ್ತರ ಆಸುಪಾಸು, ಗುಂಡು ಮೈ, ತೆಳ್ಳನೆಯ ಕಾಲು. ಅವನ ಚೀಲದಲ್ಲಿ ನಾಲ್ಕು ಜೊತೆ ಶೂ, ಎರಡು ಜೊತೆ ತೆಂಗಿನ ಚಿಪ್ಪು.

“ಚಿಪ್ಪು ಯಾಕಪ್ಪಾ? ಇದರಲ್ಲಿ ಕುದುರೆ ಇಲ್ಲ,” ಎಂದರು ಅತ್ತೆ.

“ಇಲ್ಲ ಅಂತ ಫೋನಲ್ಲೇ ಹೇಳಿದ್ರು ಅಮ್ಮಾ. ಆದ್ರೂ ಕಡೇ ಗಳಿಗೇಲಿ ಮನಸ್ಸು ಬದ್ಲಾಯಿಸಿದ್ರೆ?” ನನ್ನ ಕಡೆ ತಿರುಗಿದ. “ಪ್ರೀತಿ ಪ್ರೇಮದ್ದು ಮಾಡಿಲ್ಲ ಮೇಡಂ. ನಾಲ್ಕು ಕಾಲಿಂದ ಎರಡು ಕಾಲಿಗೆ ಇಳಿದಿದ್ದೀನಿ. ಹೊಟ್ಟೆಗೆ ಹಾಕ್ಕೋಬೇಕು.”

“ಮೇಡಂ ಅನ್ಬೇಡಿ.”

“ಸರಿ ಮೇಡಂ.”

ಸಾಮಾನ್ಯವಾಗಿ ಒಬ್ಬೊಬ್ಬರ ಹೆಜ್ಜೆಯನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡುತ್ತೇವೆ. ಈ ಸಲ ನಿರ್ದೇಶಕಿ ಇಬ್ಬರೂ ಒಂದೇ ಚೌಕದಲ್ಲಿ ಇರಲಿ ಎಂದಳು. ಕಲ್ಲುಹಾಸಿನ ಮೇಲೆ ಇಬ್ಬರು ನಿಂತರೆ ಮೊಣಕೈ ತಾಗುತ್ತದೆ. ಮೊದಲ ಟೇಕಿನಲ್ಲೇ ಕುದುರೆ ನನ್ನ ಕಿರುಬೆರಳು ತುಳಿದ. ಎರಡನೆಯದರಲ್ಲಿ ನಾನು ಅವನ ಹಿಮ್ಮಡಿ ತುಳಿದೆ. ಅವನು ಹೆಜ್ಜೆಗೊಮ್ಮೆ “ಸಾರಿ” ಎನ್ನುತ್ತಿದ್ದುದರಿಂದ ಅಷ್ಟೂ ಟೇಕು ಹಾಳಾದವು.

“ಬಾಯಿ ಮುಚ್ಕೊಂಡು ತುಳಿಯಪ್ಪಾ,” ಎಂದರು ಅತ್ತೆ.

ನಿರ್ದೇಶಕಿ ಕಣ್ಣು ಮುಚ್ಚಿ ಕೇಳುತ್ತಾ ತಲೆಯಾಡಿಸುತ್ತಿದ್ದಳು. ಅವಳಿಗೆ ಬೇಕಾದದ್ದು ಅದೇ.

ನನಗೆ ಮಾತ್ರ ಬರುತ್ತಿರಲಿಲ್ಲ. ಕಾಲು ತಾನಾಗಿ ಎಡಕ್ಕೆ ಹೋಗುತ್ತಿತ್ತು. ಗಂಡನ ಎಡಗಾಲಿನ, ಈಗ ಬಾರದ ಆ ತಡಕ್ಕೆ ಕಾಯುತ್ತಿತ್ತು. ಎರಡನೆಯ ದಿನ ಮೇಲೆ ಡ್ರಿಲ್ ಶುರುವಾಗಿ ನಾವು ಚಹಾ ಕುಡಿಯುತ್ತಾ ಕೂತಾಗ ಕುದುರೆ ಮೆಲ್ಲಗೆ ಹೇಳಿದ:

“ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕುದುರೆ ಸವಾರಿಯೋನಿಗೆ ಕುದುರೆ ಬದ್ಲಾದ್ರೆ ಮೊದ್ಲು ಎರಡು ದಿನ ಹಳೇ ಕುದುರೆ ಮೇಲೇ ಕೂತ ಹಾಗೆ ಕೂರ್ತಾನೆ. ಹೊಸದಕ್ಕೆ ಸಿಟ್ಟು ಬರಲ್ಲ. ಅದಕ್ಕೂ ಗೊತ್ತಾಗುತ್ತೆ.”

“ನಿಮ್ಮನ್ನೇ ಕುದುರೆ ಅಂದ್ಕೊಂಡ್ಬಿಟ್ರಾ?”

“ಊರೆಲ್ಲಾ ಹಾಗೇ ಅಂತಾರಲ್ಲ. ಒಪ್ಕೊಂಡು ವರ್ಷಗಳಾಯ್ತು.” ಲೋಟ ಕೆಳಗಿಟ್ಟ. “ನೀವು ನನ್ನ ಕಾಲು ನೋಡ್ಬೇಡಿ, ಪರದೇನೂ ನೋಡ್ಬೇಡಿ. ನಾನು ಯಾರೋ ಗೊತ್ತಿಲ್ಲ ಅಂದ್ಕೊಳ್ಳಿ. ಗೊತ್ತಿಲ್ಲ ತಾನೇ?”

ಗೊತ್ತಿರಲಿಲ್ಲ. ಅವನಿಗೆ ಮದುವೆಯಾಗಿದೆಯೇ, ಎಲ್ಲಿ ಮನೆ, ಏನೂ ಕೇಳಿರಲಿಲ್ಲ. ಕೇಳದೆ ಇರುವುದೇ ಕೆಲಸಕ್ಕೆ ಒಳ್ಳೆಯದೆಂದು ಆಮೇಲೂ ಕೇಳಲಿಲ್ಲ. ಸೇತುವೆ ದಾಟುವಾಗ ಒಮ್ಮೆ ಅವನು ಬೇಗ ನಡೆದ, ನಾನು ಹಿಂದೆ ಉಳಿದೆ. ಕೈದೋಟದಲ್ಲಿ ನಾನು ಬೇಗ ನಡೆದೆ, ಅವನು ಜಲ್ಲಿಯ ಮೇಲೆ ದಡಬಡ ಓಡಿಬಂದ. ನಾಲ್ಕನೆಯ ರೀಲಿನ ಹೊತ್ತಿಗೆ ನನ್ನ ಕಾಲು ಮುಂದೇನೆಂದು ತಿಳಿಯದೆ ನಡೆಯುವುದನ್ನು ಕಲಿಯುತ್ತಿತ್ತು. ಸುಲಭವಾಗಿತ್ತು ಎನ್ನಲಾರೆ. ಮನೆಗೆ ಹೋದ ಮೇಲೆ ಮೊಣಕಾಲಿಗಿಂತ ಹೆಚ್ಚಾಗಿ ಬೇರೇನೋ ನೋಯುತ್ತಿತ್ತು.

ಎಂಟನೆಯ ದಿನ ಕೊನೆಯ ರೀಲು. ಶುರು ಮಾಡುವ ಮೊದಲು ನಿರ್ದೇಶಕಿ ನನ್ನ ಪಕ್ಕ ಬಂದು ಕೂತಳು.

“ಅಕ್ಕಾ, ರಾತ್ರಿಯೆಲ್ಲಾ ಇದನ್ನೇ ಯೋಚಿಸ್ದೆ. ಕೊನೇ ರೀಲಲ್ಲಿ ಇವರು ಅಪರಿಚಿತರಲ್ಲ. ಇಡೀ ದಿನ ಒಟ್ಟಿಗಿದ್ದಾರೆ. ಅಲ್ಲಿ ಹಳೇದನ್ನೇ ಇಡಬಹುದು. ನಿಮ್ಮ... ಅವರದ್ದು. ಜನಕ್ಕೆ ಇಬ್ರೂ ಹತ್ರ ಆದ್ರು ಅಂತ ಅನ್ಸುತ್ತೆ. ಸರಿಹೋಗುತ್ತೆ.”

ಅವಳು ಕನಿಕರದಿಂದ ಹೇಳಿದಳೋ, ಸಿನಿಮಾದ ಸಲುವಾಗಿ ಹೇಳಿದಳೋ ಗೊತ್ತಾಗಲಿಲ್ಲ. ಎರಡೂ ಇರಬಹುದು. ಹನ್ನೊಂದು ನಿಮಿಷದ ರೀಲು. ಕುದುರೆ ಶೂ ದಾರ ಬಿಗಿಯುವುದರಲ್ಲಿ ಮುಳುಗಿದವನಂತೆ ತಲೆ ಬಗ್ಗಿಸಿದ. ನಾನು ಅತ್ತೆಯ ಕಡೆ ನೋಡಿದೆ.

“ನನ್ನನ್ನೇನು ನೋಡ್ತೀಯ? ಕಾಲು ನಿನ್ನದು,” ಎಂದರು. ಅವರ ಎರಡೂ ಕೈ ಕೋಟಿನೊಳಗಿದ್ದವು.

ಬೇಕು ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಪರದೆಯ ಮೇಲೆ ನಿಂತಿದ್ದ ಚಿತ್ರ ಕಣ್ಣಿಗೆ ಬಿತ್ತು. ಹುಡುಗ ಪ್ಲಾಟ್‌ಫಾರ್ಮಿನ ಮೇಲೆ ಏನೋ ಹೇಳಲು ಕೈ ಎತ್ತಿದ್ದ. ಏಳು ರೀಲು ಅವನು ದಡಬಡ ನಡೆದಿದ್ದ, ಅವಳ ಕಾಲು ತುಳಿದಿದ್ದ, ಓಡಿಬಂದು ಸೇರಿಕೊಂಡಿದ್ದ. ಕೊನೆಯ ಹನ್ನೊಂದು ನಿಮಿಷಕ್ಕೆ ಅವನ ಬದಲಿಗೆ ಇನ್ನೊಬ್ಬ ಬಂದು ನಿಂತರೆ ಆ ಹುಡುಗಿ ಬೆಳಗಿನಿಂದ ಯಾರ ಜೊತೆ ಸುತ್ತಿದ ಹಾಗಾಯಿತು?

“ಬೇಡ. ಇವನು ಬೇರೆ ಮನುಷ್ಯ,” ಎಂದೆ.

ಯಂತ್ರದ ಮುಂದೆ ಕೂತು, ಪಕ್ಕಕ್ಕೆ ಇಟ್ಟಿದ್ದ ನನ್ನ ಗಂಡನ ಹೆಜ್ಜೆಗಳ ಸಾಲನ್ನು ಎಂಟೂ ರೀಲಿನಿಂದ ತೆಗೆದೆ. ಬೇಕಾದದ್ದು ಒಂದು ಗುಂಡಿ ಒತ್ತುವಷ್ಟು ಹೊತ್ತು. ಡಿಸ್ಕಿನಲ್ಲಿ ಅವು ಇದ್ದಲ್ಲೇ ಇದ್ದವು. ಕಲ್ಲು, ನಿಧಾನ. ಮೆಟ್ಟಿಲು, ಸುಸ್ತು.

ಪ್ಲಾಟ್‌ಫಾರ್ಮಿಗೆ ಸಿಮೆಂಟು ಬೇಕು, ಹಾಗಾಗಿ ಕೋಣೆಯ ನೆಲದ ಮೇಲೆ ನಿಜವಾಗಿಯೂ ನಡೆಯಬಹುದಿತ್ತು. ದೃಶ್ಯ ಹೀಗಿದೆ: ಇಬ್ಬರೂ ರೈಲಿನ ಕಡೆಗೆ ಹೋಗುತ್ತಿದ್ದಾರೆ. ಪರದೆಯ ತುಂಬ ಹುಡುಗಿಯ ಮುಖ. ಹುಡುಗ ಕಾಣುವುದಿಲ್ಲ, ಅವನ ಮಾತು ಮಾತ್ರ ಕೇಳುತ್ತದೆ. ಹುಡುಗಿಯ ಶೂ ದಾರ ಬಿಚ್ಚುತ್ತದೆ, ಅವಳು ನಿಂತು ಬಗ್ಗುತ್ತಾಳೆ. ಹುಡುಗನ ಮಾತು ನಡುವೆಯೇ ಕಡಿಯುತ್ತದೆ. ಅವಳು ತಲೆಯೆತ್ತಿ ಬಲಕ್ಕೆ ನೋಡಿ ನಗುತ್ತಾಳೆ. ಆಮೇಲೆ ಹುಡುಗ ಪರದೆಯೊಳಕ್ಕೆ ಬರುತ್ತಾನೆ.

ಆ ನಗು ಯಾಕೆಂದು ನನಗೆ ಇಷ್ಟು ದಿನವೂ ಅರ್ಥವಾಗಿರಲಿಲ್ಲ. ನಾನು ಗಂಡನ ಹೆಜ್ಜೆಗಳಿಂದ ಜೋಡಿಸಿದ್ದರಲ್ಲಿ ಅವಳು ನಿಂತೊಡನೆ ಅವನೂ ನಿಂತುಬಿಡುತ್ತಿದ್ದ, ಒಂದೇ ಹೆಜ್ಜೆ ಮುಂದೆ. ನಾನು ಅವನನ್ನು ಅದಕ್ಕಿಂತ ದೂರ ಹೋಗಲು ಬಿಟ್ಟಿರಲಿಲ್ಲ.

ದೀಪ ಆರಿಸಿದೆವು. ನಾನು, ಕುದುರೆ ಗೋಡೆಯಿಂದ ನಡೆಯುತ್ತಾ ಬಂದೆವು. ದಾರ ಬಿಚ್ಚಿದಲ್ಲಿ ನಿಂತೆ, ಬಗ್ಗಿದೆ. ನಾನು ಅಲ್ಲಿ ನಿಲ್ಲುತ್ತೇನೆಂದು ಕುದುರೆಗೆ ಯಾರೂ ಹೇಳಿರಲಿಲ್ಲ. ಅವನು ಹುಡುಗನ ಮಾತಿನ ಲಯಕ್ಕೆ ನಡೆಯುತ್ತಲೇ ಇದ್ದ. ಒಂದು, ಎರಡು, ಮೂರು. ಕತ್ತಲಲ್ಲಿ ಅವು ದೂರವಾದವು. ನಾಲ್ಕು, ಐದು. ಹುಡುಗನ ಮಾತು ಕಡಿಯಿತು. ಆರು. ಪಕ್ಕದಲ್ಲಿ ಯಾರೂ ಇಲ್ಲವೆಂದು ಕುದುರೆಗೆ ತಿಳಿಯಿತು. ನಿಂತ.

ನಾನು ಬಗ್ಗಿದಲ್ಲೇ ದಾರ ಹಿಡಿದುಕೊಂಡು ಕಾದೆ. ಪರದೆಯ ಮೇಲೆ ಹುಡುಗಿ ತಲೆಯೆತ್ತಿ ನಕ್ಕಳು.

ಹೆಜ್ಜೆಗಳು ಹಿಂದಿರುಗಿ ಬಂದವು. ಹೋದದ್ದಕ್ಕಿಂತ ಬೇಗ, ಚೂರು ನಾಚಿಕೆಯಿಂದ. ನನ್ನ ಮುಂದೆ ಬಂದು ನಿಂತವು.

“ಪಾಪದ್ದು ಹುಡುಗ, ಅಷ್ಟು ಹೊತ್ತೂ ಗಾಳಿ ಜೊತೆ ಮಾತಾಡ್ತಿತ್ತು!” ಎಂದು ಅತ್ತೆ ಗಟ್ಟಿಯಾಗಿ ನಕ್ಕುಬಿಟ್ಟರು. ಆಮೇಲೆ ಕೋಟಿನಿಂದ ಬಾಯಿ ಮುಚ್ಚಿಕೊಂಡರು, ಆಮೇಲೆ ಕಣ್ಣು.

ಟೇಕು ಹಾಳಾಯಿತು. ನಿರ್ದೇಶಕಿ ಬಯ್ಯಲಿಲ್ಲ. ಇನ್ನೊಂದು ಟೇಕಿಗೆ ನಾನು ದಾರ ಬಿಚ್ಚಿಕೊಂಡು ಗೋಡೆಯ ಹತ್ತಿರ ಹೋಗಿ ನಿಂತೆ.